ಮಳೆ ಪುಸ್ತಕದ ಅಂಚಿನಲ್ಲಿ ಕೆಂಪು ಗುರುತು

2018ರ ಆಗಸ್ಟ್ ಪುಟವನ್ನು ಟೈಪ್ ಮಾಡುತ್ತಿದ್ದೆ. ಕಂಪ್ಯೂಟರ್ ಆರಿಹೋಯಿತು. ಆರಿತು ಅನ್ನುವಷ್ಟರಲ್ಲಿ ತಾನೇ ಮತ್ತೆ ಹತ್ತಿಕೊಂಡಿತು. ಪರದೆ ಕಪ್ಪಾಯಿತು, ಒಂದು ಬೀಪ್ ಕೇಳಿಸಿತು, ಮದರ್‌ಬೋರ್ಡ್ ಕಂಪನಿಯ ಗುರುತು ಬಂತು. ಆಮೇಲೆ ಏನೂ ಆಗಿಲ್ಲ ಅನ್ನುವ ಹಾಗೆ ವಿಂಡೋಸ್ ಪಾಸ್‌ವರ್ಡ್ ಕೇಳಿತು. ನನ್ನ ನಲವತ್ತು ನಿಮಿಷದ ಕೆಲಸ ಹೋಗಿತ್ತು.

ನಮ್ಮ ಮನೆ ಚೇರಂಬಾಣೆ ಹತ್ತಿರ, ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ. ಕಾಫಿ ತೋಟ, ಅದರ ನಡುವೆ ಮೆಣಸು. ಮಾವ 1988ರಿಂದ ದಿನಾ ಬೆಳಿಗ್ಗೆ ಮಳೆ ಅಳೆದು ಬರೆದಿಡುತ್ತಾ ಬಂದಿದ್ದಾರೆ. ಕೊಡಗಿನ ತೋಟದ ಮನೆಗಳಲ್ಲಿ ಇದೇನೂ ಹೊಸದಲ್ಲ. ಅಂಗಳದಲ್ಲಿ ಒಂದು ಮಳೆ ಮಾಪಕ, ಒಳಗೆ ಒಂದು ಪುಸ್ತಕ. ಇಲ್ಲಿ ಮಳೆಯ ಮಾತೆಲ್ಲ ಇಂಚು, ಸೆಂಟಿನಲ್ಲೇ. ಒಂದು ಇಂಚಿಗೆ ನೂರು ಸೆಂಟ್. ಮಿಲಿಮೀಟರ್ ಲೆಕ್ಕದಲ್ಲಿ ಇಂಚು ಅಂದರೆ 25.4. ಮಳೆಗಾಲದಲ್ಲಿ ನೆಂಟರು ಫೋನ್ ಮಾಡಿದರೆ ಊಟ ಆಯ್ತಾ ಅಂತ ಕೇಳುವ ಮೊದಲು "ನಿಮ್ಮಲ್ಲಿ ಎಷ್ಟು ಇಂಚು?" ಅಂತ ಕೇಳುತ್ತಾರೆ.

ಮಾವನ ಪುಸ್ತಕದಲ್ಲಿ ಮಳೆ ಮಾತ್ರ ಇರುವುದಿಲ್ಲ. ಕೊನೆಯ ಕಾಲಮ್ಮಿನಲ್ಲಿ ಸಣ್ಣ ಅಕ್ಷರದಲ್ಲಿ ಏನಾದರೂ ಇರುತ್ತದೆ. 'ಹೂ ಮಳೆ, ಚೆನ್ನಾಗಿ ಬಿತ್ತು.' 'ಸಿಲ್ವರ್ ಮರ ಬಿದ್ದು ಲೈನ್ ಕಟ್.' 'ಆನೆ ಬಂದು ಬಾಳೆ ಮುರಿದಿದೆ.' ಆ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಕಡೆಯ ಗುಡ್ಡಗಳು ಜಾರಿದಾಗ ಮಾವ ರಾತ್ರಿಯೂ ಟಾರ್ಚ್ ಹಿಡಿದು ಹೋಗಿ ಮಾಪಕ ಖಾಲಿ ಮಾಡಿ ಬಂದಿದ್ದಾರೆ. ತುಂಬಿ ಚೆಲ್ಲಿದರೆ ಲೆಕ್ಕ ತಪ್ಪುತ್ತದೆ ಅಂತ. ಆ ಪುಟದಲ್ಲಿ ಶಾಯಿ ನೀರಿಗೆ ಹರಡಿದೆ. ಹಳೆಯ ಎರಡು ಪುಸ್ತಕಗಳ ಅಂಚನ್ನು ಗೆದ್ದಲು ಆಗಲೇ ತಿಂದಿತ್ತು. ಇನ್ನು ಕಾಯುವುದು ಬೇಡ, ಎಲ್ಲವನ್ನೂ ಕಂಪ್ಯೂಟರಿಗೆ ಏರಿಸೋಣ ಅಂತ ಕಳೆದ ಮಳೆಗಾಲದಲ್ಲಿ ಕೂತಿದ್ದೆ. ಹತ್ತಿರದ ವರ್ಷಗಳಿಂದ ಶುರು ಮಾಡಿ ಹಿಂದಕ್ಕೆ ಹೋಗುತ್ತಿದ್ದೆ.

ಮೊದಲ ಸಲ ಆದಾಗ ಕರೆಂಟ್ ಹೋಗಿರಬಹುದು ಅಂದುಕೊಂಡೆ. ಆದರೆ ದೀಪ ಉರಿಯುತ್ತಲೇ ಇತ್ತು, ಮೇಲಾಗಿ ಮನೆಗೆ ಇನ್ವರ್ಟರ್ ಇದೆ. ಎರಡು ದಿನ ಬಿಟ್ಟು ಮತ್ತೆ ಆಯಿತು. ಆಮೇಲೆ ಒಂದೇ ಸಂಜೆ ಮೂರು ಸಲ. ನಾನು ಎದ್ದು ಬಂದು ಜಗಲಿಯಲ್ಲಿ ಸುಮ್ನೆ ಕೂತೆ. ಮಾವ ಏನಾಯ್ತು ಅಂತ ಕೇಳಿದರು, ಹೇಳಿದೆ.

"ಎಷ್ಟು ಹೊತ್ತಿಗೆ ಆಯ್ತು ಅಂತ ಬರೆದಿಟ್ಟಿದ್ದೀಯಾ?" ಅಂದರು.

ಇಲ್ಲ ಅಂದೆ. ಅವರು ಒಳಗೆ ಹೋಗಿ ಈ ವರ್ಷದ ಮಳೆ ಪುಸ್ತಕವನ್ನೇ ತಂದು ಕೊಟ್ಟರು. "ಅಂಚಿನಲ್ಲಿ ಜಾಗ ಇದೆ. ಕೆಂಪು ಪೆನ್ನಲ್ಲಿ ಬರೆ. ನನ್ನದಕ್ಕೆ ಬೆರೆಯುವುದು ಬೇಡ." ಆ ಪುಸ್ತಕಕ್ಕೆ ಅವರು ಬೇರೆ ಯಾರ ಕೈಯನ್ನೂ ಸೋಕಿಸಿದವರಲ್ಲ. ನಾನು ಮದುವೆಯಾಗಿ ಬಂದು ಹನ್ನೊಂದು ವರ್ಷ, ಅದರಲ್ಲಿ ಒಂದು ಅಕ್ಷರ ಬರೆದಿರಲಿಲ್ಲ. ಅವತ್ತು ಜೂನ್ 14. ಮಾವ ಬರೆದದ್ದು 85 ಸೆಂಟ್. ಪಕ್ಕದಲ್ಲಿ ನಾನು ಸಂಜೆ 5.20, 5.50, 6.35 ಅಂತ ಬರೆದೆ.

ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗುತ್ತಿದೆ ಅಂದ ಕೂಡಲೇ ಎಲ್ಲರೂ ಹೇಳುವುದು ಎರಡೇ. ಬಿಸಿ ಆಗುತ್ತಿರಬೇಕು, ಇಲ್ಲ ವೈರಸ್ ಇರಬೇಕು. ನಾನೂ ಬಿಸಿಯಿಂದಲೇ ಶುರು ಮಾಡಿದೆ. ಎಲ್ಲರೂ ಸಿಪಿಯು ಅಂತ ಕರೆಯುವ ಆ ಡಬ್ಬದ ಪ್ಲಗ್ ತೆಗೆದು, ಪಕ್ಕದ ಬಾಗಿಲು ಬಿಚ್ಚಿದೆ. ನಮ್ಮ ಕಡೆಯ ಧೂಳು ಬೇಸಿಗೆಯಲ್ಲಿ ಪುಡಿ, ಮಳೆಗಾಲದಲ್ಲಿ ಉಣ್ಣೆಯ ಹಾಗೆ ಅಂಟಿಕೊಳ್ಳುತ್ತದೆ. ಪ್ರೊಸೆಸರ್ ಮೇಲಿನ ಅಲ್ಯೂಮಿನಿಯಂ ಎಲೆಗಳ ನಡುವೆ ಒಂದು ಪದರ ಕೂತಿತ್ತು. ಬ್ರಷ್ ಹಾಕಿ ತೆಗೆದೆ. ಪ್ರೊಸೆಸರಿನ ಬಿಸಿಯನ್ನು ಆ ಎಲೆಗಳಿಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿತ್ತು, ಅದನ್ನು ಒರೆಸಿ, ಹೊಸದನ್ನು ಒಂದು ಕಾಳಿನಷ್ಟು ಹಚ್ಚಿದೆ. ಆಮೇಲೆ ಬಯೋಸ್‌ನಲ್ಲಿ, ಅಂದರೆ ವಿಂಡೋಸ್ ಶುರುವಾಗುವ ಮೊದಲೇ ತೆರೆಯಬಹುದಾದ ಸೆಟ್ಟಿಂಗ್ ಪರದೆಯಲ್ಲಿ, ನೋಡಿದರೆ ಪ್ರೊಸೆಸರ್ 44 ಡಿಗ್ರಿ. ಅಲ್ಲಿಗೆ ಬಿಸಿಯ ಮಾತು ಮುಗಿಯಿತು. ಪ್ರೊಸೆಸರ್‌ಗಳು ಸಾಮಾನ್ಯವಾಗಿ 100 ಡಿಗ್ರಿ ಹತ್ತಿರ ಹೋದಾಗ ಮೊದಲು ತಮ್ಮ ವೇಗ ತಗ್ಗಿಸಿಕೊಳ್ಳುತ್ತವೆ. ಅದಕ್ಕೂ ಬಗ್ಗದಿದ್ದರೆ ಪೂರ್ತಿ ಆರಿಬಿಡುತ್ತವೆ. ಹಾಗೆ ಆರಿದ್ದು ಬಟನ್ ಒತ್ತದೆ ಹತ್ತುವುದು ಕಡಿಮೆ. ನಮ್ಮದು ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತುತ್ತಿತ್ತು. ಆರುವುದು ಬೇರೆ, ರೀಸ್ಟಾರ್ಟ್ ಆಗುವುದು ಬೇರೆ. ಈ ಎರಡನ್ನೂ ಒಂದೇ ಅಂದುಕೊಂಡು ನಾನು ಎರಡು ದಿನ ಕಳೆದೆ.

ಆ ಡಬ್ಬ ಮುಟ್ಟುವಾಗ ಇನ್ನೊಂದು ವಿಷಯ ಸಿಕ್ಕಿತು, ಅದನ್ನು ಹೇಳಿಬಿಡುತ್ತೇನೆ. ಪ್ಲಗ್ ಹಾಕಿದ್ದಾಗ ಬರಿಗಾಲಲ್ಲಿ ನಿಂತು ಕಬ್ಬಿಣದ ಭಾಗ ಮುಟ್ಟಿದರೆ ಕೈ ಜುಂ ಅನ್ನುತ್ತಿತ್ತು. ತುಂಬ ಮನೆಗಳಲ್ಲಿ ಇದನ್ನು ಮಾಮೂಲಿ ಅಂದುಕೊಂಡಿದ್ದಾರೆ. ಮಾಮೂಲಿ ಅಲ್ಲ. ಕಂಪ್ಯೂಟರಿಗೆ ಕರೆಂಟ್ ಕೊಡುವ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್, ಅದರೊಳಗೆ ಕರೆಂಟಿನಲ್ಲಿನ ಗದ್ದಲ ತಡೆಯಲು ಎರಡು ಪುಟ್ಟ ಕೆಪಾಸಿಟರ್‌ಗಳು (ಕರೆಂಟನ್ನು ಸ್ವಲ್ಪ ಹೊತ್ತು ಹಿಡಿದಿಡುವ ಬಿಡಿಭಾಗಗಳು) ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಹೊರಗಿನ ಕಬ್ಬಿಣಕ್ಕೆ ಜೋಡಿಸಿರುತ್ತವೆ. ಅರ್ತ್ ಸರಿ ಇದ್ದರೆ ಆ ಸೋರಿಕೆ ನೆಲಕ್ಕೆ ಇಳಿದುಹೋಗುತ್ತದೆ. ಅರ್ತ್ ಇಲ್ಲದಿದ್ದರೆ ಡಬ್ಬದ ಮೇಲೆ 230ರ ಅರ್ಧ, ಸುಮಾರು 115 ವೋಲ್ಟ್ ಕೂತಿರುತ್ತದೆ. ಅದರಲ್ಲಿ ಹರಿಯುವ ಕರೆಂಟ್ ತೀರಾ ಸಣ್ಣದು, ಹಾಗಾಗಿ ಬರೀ ಜುಂ. ಆದರೆ ಅರ್ತ್ ಇಲ್ಲದ ಮನೆಯಲ್ಲಿ ಗೀಸರ್, ಮೋಟಾರ್ ಕೂಡ ಹಾಗೇ ಇರುತ್ತವೆ ಅಲ್ವಾ? ನಮ್ಮಲ್ಲಿ ಅರ್ತ್ ಗುಂಡಿಯ ಹತ್ತಿರ ತಂತಿಯೇ ತುಕ್ಕು ಹಿಡಿದು ತುಂಡಾಗಿತ್ತು. ಎಲೆಕ್ಟ್ರಿಷಿಯನ್ ಕರೆಸಿ, ಇದ್ದಿಲು ಉಪ್ಪು ಹಾಕಿಸಿ, ಹೊಸ ತಂತಿ ಎಳೆಸಿದೆವು. ಜುಂ ಅನ್ನುವುದು ನಿಂತಿತು. ರೀಸ್ಟಾರ್ಟ್ ನಿಲ್ಲಲಿಲ್ಲ.

ವಿಂಡೋಸ್ ಕಡೆ ತಿರುಗಿದೆ. ತನ್ನೊಳಗೆ ದಾಟಲಾಗದ ತಪ್ಪೊಂದು ಸಿಕ್ಕಿದರೆ ವಿಂಡೋಸ್ ನೀಲಿ ಪರದೆ ತೋರಿಸಿ, ತಾನೇ ರೀಸ್ಟಾರ್ಟ್ ಆಗುತ್ತದೆ. ಮೊದಲಿಂದಲೇ ಹಾಗೆ ಹೊಂದಿಸಿರುತ್ತಾರೆ. ಕೆಲವೊಮ್ಮೆ ಆ ನೀಲಿ ಪರದೆ ಓದುವ ಮೊದಲೇ ಹೋಗಿರುತ್ತದೆ. ಸಿಸ್ಟಮ್ ಪ್ರಾಪರ್ಟೀಸ್‌ನಲ್ಲಿ ಅಡ್ವಾನ್ಸ್ಡ್, ಅದರೊಳಗೆ ಸ್ಟಾರ್ಟಪ್ ಆ್ಯಂಡ್ ರಿಕವರಿ, ಅಲ್ಲಿ 'ಆಟೋಮ್ಯಾಟಿಕಲಿ ರೀಸ್ಟಾರ್ಟ್' ಮುಂದಿನ ಟಿಕ್ ತೆಗೆದರೆ ನೀಲಿ ಪರದೆ ನಿಂತೇ ಇರುತ್ತದೆ. ತೆಗೆದೆ. ಮರುದಿನ ಮತ್ತೆ ರೀಸ್ಟಾರ್ಟ್. ನೀಲಿ ಪರದೆ ಬರಲೇ ಇಲ್ಲ.

ವಿಂಡೋಸ್ ತನ್ನ ಆಗುಹೋಗುಗಳನ್ನು ಬರೆದಿಡುವ ಇವೆಂಟ್ ವ್ಯೂವರ್ ತೆಗೆದು ನೋಡಿದೆ. ಒಂದೊಂದು ರೀಸ್ಟಾರ್ಟ್ ಆದಾಗಲೂ ಅದೇ ಎರಡು ಸಾಲು. ಒಂದು 6008, ಹಿಂದಿನ ಸಲ ಅನಿರೀಕ್ಷಿತವಾಗಿ ನಿಂತಿತ್ತು ಅಂತ. ಇನ್ನೊಂದು ಕರ್ನಲ್-ಪವರ್ 41. ಈ 41 ಅನ್ನು ನೋಡಿ ತುಂಬ ಜನ ಅದೇ ರೋಗ ಅಂದುಕೊಳ್ಳುತ್ತಾರೆ. ಅದು ರೋಗ ಅಲ್ಲ. ಮತ್ತೆ ಹತ್ತಿಕೊಂಡ ಮೇಲೆ ವಿಂಡೋಸ್ ಬರೆದ ಮಾತು ಅದು, 'ನಾನು ಸರಿಯಾಗಿ ಮುಚ್ಚಿರಲಿಲ್ಲ' ಅಂತ ಅಷ್ಟೇ. ಮರ ಬಿದ್ದ ಮರುದಿನ ಬಂದವನು ಮರ ಬಿದ್ದಿದೆ ಅಂತ ಹೇಳಿದ ಹಾಗೆ. ಯಾಕೆ ಬಿತ್ತು ಅಂತ ಅವನಿಗೆ ಗೊತ್ತಿಲ್ಲ. ಆದರೆ ಅದರ ವಿವರದೊಳಗೆ ಬಗ್‌ಚೆಕ್ ಕೋಡ್ ಅಂತ ಒಂದು ಸಂಖ್ಯೆ ಇರುತ್ತದೆ, ಅದನ್ನು ನೋಡಬೇಕು. ನೀಲಿ ಪರದೆಯಿಂದ ಸತ್ತಿದ್ದರೆ ಅಲ್ಲಿ ಬೇರೆ ಅಂಕಿ ಇರುತ್ತದೆ. ನಮ್ಮದರಲ್ಲಿ ಪ್ರತಿ ಸಲವೂ 0. ವಿಂಡೋಸ್‌ಗೆ ತಪ್ಪು ಬರೆದಿಡುವಷ್ಟು ಸಮಯವೂ ಸಿಕ್ಕಿರಲಿಲ್ಲ ಅಂತ ಅರ್ಥ.

ಕಂಪ್ಯೂಟರ್ ಕೆಲಸ ಮಾಡುವಾಗ ಬಳಸುವ ನೆನಪಿನ ಪಟ್ಟಿ, ಅಂದರೆ ರ‍್ಯಾಮ್, ಅದನ್ನು ತೆಗೆದು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಿದೆ. ಒದ್ದೆ ಹವೆಗೆ ಅಲ್ಲಿ ಕೊಳೆ ಕಟ್ಟುವುದುಂಟು. ಮುಂದಿನ ಹೆಜ್ಜೆ ಮೆಮ್‌ಟೆಸ್ಟ್. ಅದು ರ‍್ಯಾಮಿನಲ್ಲಿ ತಪ್ಪಿದೆಯಾ ಅಂತ ನೋಡುವ, ಪೆನ್‌ಡ್ರೈವ್‌ನಿಂದ ತಾನೇ ಓಡುವ ಸಣ್ಣ ಪ್ರೋಗ್ರಾಮ್, ವಿಂಡೋಸ್ ಬೇಕಿಲ್ಲ, ಹಾರ್ಡ್‌ಡಿಸ್ಕೂ ಬೇಕಿಲ್ಲ. ರಾತ್ರಿ 9 ಗಂಟೆಗೆ ಹಚ್ಚಿ ಮಲಗಿದೆ. ಬೆಳಿಗ್ಗೆ 6ಕ್ಕೆ ಎದ್ದು ನೋಡಿದರೆ ತಪ್ಪು ಸೊನ್ನೆ. ಸಮಾಧಾನ ಆಯಿತು, ಪರದೆ ಆರಿಸಲು ಹೋದೆ. ಆಗ ಮೂಲೆಯಲ್ಲಿದ್ದ ಗಡಿಯಾರ ಕಣ್ಣಿಗೆ ಬಿತ್ತು. ಟೆಸ್ಟ್ ಶುರುವಾಗಿ ಎಷ್ಟು ಹೊತ್ತಾಯಿತು ಅಂತ ತೋರಿಸುವ ಗಡಿಯಾರ ಅದು. 3 ಗಂಟೆ 52 ನಿಮಿಷ ಅಂತ ಇತ್ತು.

ಒಂಬತ್ತು ಗಂಟೆ ಇರಬೇಕಿತ್ತು.

ನಾನು ಮಲಗಿದ್ದಾಗ ಅದು ರೀಸ್ಟಾರ್ಟ್ ಆಗಿ, ಪೆನ್‌ಡ್ರೈವ್‌ನಿಂದ ಮತ್ತೆ ಮೊದಲಿಂದ ಟೆಸ್ಟ್ ಶುರು ಮಾಡಿತ್ತು. ಲೆಕ್ಕ ಹಾಕಿದರೆ ರಾತ್ರಿ 2.08. ಈ ಇಡೀ ಕಥೆಯಲ್ಲಿ ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಈ ಒಂದು ಅಂಕಿ. ಆ ಹೊತ್ತಿಗೆ ವಿಂಡೋಸ್ ಓಡುತ್ತಿರಲಿಲ್ಲ. ಅಂದರೆ ವಿಂಡೋಸ್ ಅಲ್ಲ, ಡ್ರೈವರ್ ಅಲ್ಲ, ವೈರಸ್ ಅಲ್ಲ, ಅಪ್‌ಡೇಟ್ ಅಲ್ಲ. ಫಾರ್ಮ್ಯಾಟ್ ಮಾಡು ಅಂತ ಮೂವರು ಹೇಳಿದ್ದರು. ಮಾಡಿದ್ದರೆ ಒಂದು ದಿನ ಹಾಳು, ಫಲ ಇಲ್ಲ. ಪುಸ್ತಕದ ಅಂಚಿನಲ್ಲಿ 'ರಾತ್ರಿ 2.08' ಅಂತ ಬರೆದೆ. ಬೆಳಿಗ್ಗೆ ಮಾವ ಅದರ ಪಕ್ಕದಲ್ಲೇ '40 ಸೆಂಟ್. ರಾತ್ರಿ ಗಾಳಿ' ಅಂತ ಬರೆದರು.

ಉಳಿದದ್ದು ಡಬ್ಬ ಮತ್ತು ಅದಕ್ಕೆ ಬರುವ ಕರೆಂಟ್. ಮುಂಭಾಗದ ರೀಸೆಟ್ ಬಟನ್ ಒಳಗೆ ತೇವ ಸೇರಿದರೆ, ಇಲ್ಲ ಇರುವೆ ಕೂತರೆ, ಯಾರೂ ಒತ್ತದೆಯೇ ಒತ್ತಿದ ಹಾಗೆ ಆಗಬಹುದು. ಮದರ್‌ಬೋರ್ಡಿನಿಂದ ಅದರ ಎರಡು ಪಿನ್ನಿನ ವೈರ್ ಕಿತ್ತಿಟ್ಟೆ. ಬಟನ್ ಇಲ್ಲದೆಯೂ ಕಂಪ್ಯೂಟರ್ ನಡೆಯುತ್ತದೆ. ರೀಸ್ಟಾರ್ಟ್ ಮುಂದುವರಿಯಿತು. ಮದರ್‌ಬೋರ್ಡಿನ ಕೆಪಾಸಿಟರ್‌ಗಳ ತಲೆ ಉಬ್ಬಿದೆಯಾ ನೋಡಿದೆ, ಎಲ್ಲ ಚಪ್ಪಟೆಯಾಗಿಯೇ ಇದ್ದವು. ಮಲ್ಟಿಮೀಟರ್ ಹಿಡಿದು ಹಳದಿ ವೈರ್ ನೋಡಿದೆ, 12.08 ವೋಲ್ಟ್. ಕೆಂಪು 5.04. ಎರಡಕ್ಕೂ ನೂರಕ್ಕೆ ಐದರಷ್ಟು ಹೆಚ್ಚು ಕಡಿಮೆ ನಡೆಯುತ್ತದೆ, ಅಂದರೆ 12ರ ವೈರ್ 11.4ರಿಂದ 12.6ರ ಒಳಗೆ ಇದ್ದರೆ ಸರಿ. ನಮ್ಮದು ಸರಿಯಾಗಿಯೇ ಇತ್ತು.

ಕೊನೆಗೆ ಡಬ್ಬವನ್ನು ರೈನ್‌ಕೋಟಿನಲ್ಲಿ ಸುತ್ತಿ ಬಸ್ಸಿನಲ್ಲಿ ಮಡಿಕೇರಿಗೆ ಒಯ್ದೆ. ಅಂಗಡಿಯ ಹುಡುಗ ಎರಡು ದಿನ ಬಿಡದೆ ಓಡಿಸಿ ಇಟ್ಟಿದ್ದ. ಒಂದೇ ಒಂದು ಸಲವೂ ರೀಸ್ಟಾರ್ಟ್ ಆಗಲಿಲ್ಲ. "ಅಕ್ಕಾ, ಇದಕ್ಕೆ ಏನೂ ಆಗಿಲ್ಲ. ನಿಮ್ಮ ಮನೆಯಲ್ಲೇ ಏನೋ ಇರ್ಬೇಕು" ಅಂದ. ದುಡ್ಡೂ ತೆಗೆದುಕೊಳ್ಳಲಿಲ್ಲ. ಮನೆಗೆ ತಂದು ಮೂರನೇ ದಿನ ಮಧ್ಯಾಹ್ನ 12.15ಕ್ಕೆ ಮತ್ತೆ ಅದೇ.

ಜೂನ್ ಕೊನೆಗೆ ಅಂಚಿನಲ್ಲಿ ಹದಿನೇಳು ಕೆಂಪು ಗುರುತು ಆಗಿದ್ದವು. ಒಂದು ರಾತ್ರಿ ನಾನೂ ಮಾವನೂ ಪುಸ್ತಕ ಬಿಡಿಸಿ ಕೂತೆವು. ಮಳೆ ಜಾಸ್ತಿ ಆದಷ್ಟೂ ತೊಂದರೆ ಜಾಸ್ತಿ ಅಂತ ನಾನು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡಿದ್ದೆ. ತೇವ, ಶೀತ, ಹೀಗೆ ಏನೋ ಒಂದು. ಪುಟ ಹೇಳಿದ್ದು ಬೇರೆ. ನಾಲ್ಕು ಇಂಚು, ಐದು ಇಂಚು ಬಿದ್ದ ದಿನಗಳ ಅಂಚು ಖಾಲಿ ಇತ್ತು. ಗುರುತೆಲ್ಲ ಇದ್ದದ್ದು 40 ಸೆಂಟ್, 60 ಸೆಂಟ್, ಒಂದು ಇಂಚು ಹತ್ತು ಸೆಂಟ್ ಬಿದ್ದ ದಿನಗಳಲ್ಲಿ. ಆ ದಿನಗಳ ಕೊನೆಯ ಕಾಲಮ್ಮಿನಲ್ಲಿ ಹೆಚ್ಚು ಕಡಿಮೆ ಎಲ್ಲ ಕಡೆ ಒಂದೇ ಪದ. 'ಗಾಳಿ.'

ಮಾವ ಬೆರಳಿಟ್ಟು ತೋರಿಸಿದರು. "ಐದು ಇಂಚು ಬಿದ್ದ ದಿನ ಕರೆಂಟ್ ಎಲ್ಲಿರ್ತದೆ? ಬೆಳಿಗ್ಗೆ ಹೋದ್ರೆ ಮೂರು ದಿನ ಇಲ್ಲ." ಸರಿಯೇ. ಆ ದಿನಗಳಲ್ಲಿ ಕರೆಂಟ್ ಒಂದು ಸಲ ಹೋಗುತ್ತದೆ, ಹೋದದ್ದು ಹೋಯಿತು. ನಾನೂ ಬ್ಯಾಟರಿ ಉಳಿಸಬೇಕು ಅಂತ ಕಂಪ್ಯೂಟರ್ ಹಚ್ಚುವುದೇ ಇಲ್ಲ. ಗಾಳಿ ಇರುವ ಸಣ್ಣ ಮಳೆಯ ದಿನ ಕರೆಂಟ್ ಇರುತ್ತದೆ, ಆದರೆ ಕೊಂಬೆ ಲೈನಿಗೆ ತಾಗುತ್ತದೆ, ಬಿಡುತ್ತದೆ. ಮರುದಿನ ರಸ್ತೆಯಲ್ಲಿ ಸಿಕ್ಕಿದ ಲೈನ್‌ಮನ್ ಅಣ್ಣನೂ ಅದನ್ನೇ ಹೇಳಿದರು. "ಸಿಲ್ವರ್ ಕೊಂಬೆ ತಾಗಿದ್ರೆ ಒಂದು ಚಣ ಹೋಗಿ ಬರ್ತದೆ ಅಕ್ಕಾ. ನಿಮಗೆ ಗೊತ್ತೇ ಆಗೂದಿಲ್ಲ." ಮಳೆಯಲ್ಲಿ ಕಂಬ ಹತ್ತುವ ಅವರ ಮಾತಿಗಿಂತ ಬೇರೆ ಸಾಕ್ಷಿ ನನಗೆ ಬೇಕಿರಲಿಲ್ಲ.

ಆದರೆ ಕೊಂಬೆ ಹೋದ ವರ್ಷವೂ ತಾಗುತ್ತಿತ್ತು. ಹೋದ ವರ್ಷವೂ ಇದೇ ಕಂಪ್ಯೂಟರ್, ಇದೇ ಇನ್ವರ್ಟರ್. ಈ ಸಲ ಏನು ಬದಲಾಯಿತು? ಪುಟ ಹಿಂದಕ್ಕೆ ತಿರುವುತ್ತಾ ಹೋದೆವು. ಮೇ, ಏಪ್ರಿಲ್. ಏಪ್ರಿಲ್ 11ರ ಸಾಲಿನಲ್ಲಿ ಮಾವನ ಅಕ್ಷರದಲ್ಲೇ ಇತ್ತು. 'ಮಳೆ 35 ಸೆಂಟ್. ವೋಲ್ಟೇಜ್ ಇಲ್ಲ. ಇನ್ವರ್ಟರ್ ಸ್ವಿಚ್ ನಾರ್ಮಲ್‌ಗೆ ಹಾಕಿದೆ.'

ಮಾವ ಕನ್ನಡಕ ತೆಗೆದು ಒರೆಸಿದರು. "ನಾನೇ ಹಾಕಿದ್ದು. ಬ್ಯಾಟರಿ ನಿಲ್ತಾ ಇರ್ಲಿಲ್ಲ" ಅಂದರು, ಮೆಲ್ಲಗೆ.

ಅವರು ಮಾಡಿದ್ದು ಸರಿಯೇ ಇತ್ತು, ಅದನ್ನು ನಾನು ಅವತ್ತೇ ಅವರಿಗೆ ಹೇಳಿದೆ. ಮನೆ ಇನ್ವರ್ಟರ್‌ಗಳ ಹಿಂದೆಯೋ ಮುಂದೆಯೋ ಒಂದು ಪುಟ್ಟ ಸ್ವಿಚ್ ಇರುತ್ತದೆ. ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ನಾರ್ಮಲ್. ಕೆಲವು ಕಂಪನಿಯವರು ಇಕೋ ಅಂತ ಬರೆಯುತ್ತಾರೆ. ಯುಪಿಎಸ್ ಕಡೆ ಇದ್ದಾಗ ನಮ್ಮ ಇನ್ವರ್ಟರ್ ಲೈನಿನ ಕರೆಂಟನ್ನು 180ರಿಂದ 260 ವೋಲ್ಟ್ ಇದ್ದರೆ ಮಾತ್ರ ಒಪ್ಪುತ್ತದೆ. ಅದಕ್ಕಿಂತ ಇಳಿದರೆ ತಕ್ಷಣ ಬ್ಯಾಟರಿಗೆ ಹೋಗುತ್ತದೆ. ನಾರ್ಮಲ್ ಕಡೆ ಇದ್ದರೆ 100ರಿಂದ 290ರವರೆಗೆ ಸಹಿಸಿಕೊಳ್ಳುತ್ತದೆ, ಬ್ಯಾಟರಿಗೆ ಹೋಗುವಾಗಲೂ ನಿಧಾನ ಮಾಡುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಎಲ್ಲರ ಮೋಟಾರೂ ಓಡುವಾಗ ಸಂಜೆ ನಮ್ಮಲ್ಲಿ 170 ವೋಲ್ಟ್ ಬಂದರೆ ಹೆಚ್ಚು. ಯುಪಿಎಸ್ ಕಡೆ ಬಿಟ್ಟರೆ ಲೈನಿನಲ್ಲಿ ಕರೆಂಟ್ ಇದ್ದೂ ಇನ್ವರ್ಟರ್ ಬ್ಯಾಟರಿಯನ್ನೇ ತಿನ್ನುತ್ತದೆ. ರಾತ್ರಿ ನಿಜಕ್ಕೂ ಕರೆಂಟ್ ಹೋದಾಗ ಬ್ಯಾಟರಿ ಖಾಲಿ. ಫ್ಯಾನಿಗೆ, ದೀಪಕ್ಕೆ 170 ಸಾಕು. ಹಾಗಾಗಿ ನಾರ್ಮಲ್.

ಕಂಪ್ಯೂಟರಿಗೆ ಆ ನಾರ್ಮಲ್ ಸಾಲದು. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ನನಗೆ ಇದು ತುಂಬ ಇಷ್ಟವಾದ ಭಾಗ. ಎಸ್‌ಎಂಪಿಎಸ್ ಮೊದಲು 230 ವೋಲ್ಟಿನ ಎಸಿಯನ್ನು ಸುಮಾರು 325 ವೋಲ್ಟಿನ ಡಿಸಿ ಮಾಡಿ ಒಂದು ದೊಡ್ಡ ಕೆಪಾಸಿಟರಿನಲ್ಲಿ ತುಂಬಿಡುತ್ತದೆ. ಮನೆ ಮೇಲಿನ ನೀರಿನ ಟ್ಯಾಂಕ್ ಇದ್ದ ಹಾಗೆ. ಮೋಟಾರ್ ನಿಂತರೂ ಟ್ಯಾಂಕಿನಲ್ಲಿ ಇರುವಷ್ಟು ಹೊತ್ತು ನಲ್ಲಿಯಲ್ಲಿ ನೀರು ಬರುತ್ತದೆ ಅಲ್ವಾ? ಇಲ್ಲಿ ಟ್ಯಾಂಕ್ ತೀರಾ ಸಣ್ಣದು. ಕಂಪ್ಯೂಟರ್ ಪೂರ್ತಿ ಕೆಲಸ ಮಾಡುತ್ತಿರುವಾಗ ಕರೆಂಟ್ ನಿಂತರೆ ಒಳ್ಳೆಯ ಎಸ್‌ಎಂಪಿಎಸ್ ಸುಮಾರು 16 ಮಿಲಿಸೆಕೆಂಡ್ ತಡೆದುಕೊಳ್ಳಬೇಕು ಅನ್ನುವುದು ನಮ್ಮದರ ಕಾಲದ ನಿಯಮ. ನಮ್ಮ ಕರೆಂಟ್ ಸೆಕೆಂಡಿಗೆ 50 ಸಲ ಏರಿಳಿಯುತ್ತದೆ, ಒಂದು ಏರಿಳಿತಕ್ಕೆ 20 ಮಿಲಿಸೆಕೆಂಡ್. ಅಂದರೆ ಒಂದೇ ಒಂದು ಏರಿಳಿತ ಪೂರ್ತಿ ತಪ್ಪಿದರೂ ಟ್ಯಾಂಕ್ ಖಾಲಿ ಆಗಬಹುದು. ಕೆಲಸ ಕಮ್ಮಿ ಇದ್ದಾಗ ಇನ್ನೂ ಸ್ವಲ್ಪ ಹೊತ್ತು ಬರುತ್ತದೆ. ಮೇಲಾಗಿ ಆ ಕೆಪಾಸಿಟರಿನ ಒಳಗಿನ ದ್ರವ ವರ್ಷ ಕಳೆದ ಹಾಗೆ ಒಣಗುತ್ತದೆ, ಬಿಸಿಗೆ ಇನ್ನೂ ಬೇಗ. ನಮ್ಮ ಎಸ್‌ಎಂಪಿಎಸ್‌ಗೆ ಒಂಬತ್ತು ವರ್ಷ. ಟ್ಯಾಂಕ್ ಅಷ್ಟೇ ದೊಡ್ಡದು ಕಾಣುತ್ತದೆ, ಹಿಡಿಯುವ ನೀರು ಕಮ್ಮಿ.

ಇನ್ನೊಂದು ವೈರ್ ಇದೆ, ಬೂದು ಬಣ್ಣದ್ದು. 'ಪವರ್ ಗುಡ್' ಅಂತ ಅದರ ಹೆಸರು. ಎಸ್‌ಎಂಪಿಎಸ್ ಆ ವೈರಿನಲ್ಲಿ 5 ವೋಲ್ಟ್ ಕೊಡುತ್ತಾ, ನಾನು ಚೆನ್ನಾಗಿದ್ದೇನೆ ಅಂತ ಮದರ್‌ಬೋರ್ಡಿಗೆ ಹೇಳುತ್ತಲೇ ಇರುತ್ತದೆ. ಟ್ಯಾಂಕ್ ತಳ ಕಾಣುವ ಹೊತ್ತಿಗೆ ಆ ಮಾತು ನಿಲ್ಲುತ್ತದೆ. ನಿಂತ ಕೂಡಲೇ ಮದರ್‌ಬೋರ್ಡ್ ಪ್ರೊಸೆಸರನ್ನು ರೀಸೆಟ್ ಮಾಡುತ್ತದೆ, ಅರೆಬರೆ ಕರೆಂಟಿನಲ್ಲಿ ತಪ್ಪು ಲೆಕ್ಕ ಮಾಡುವುದಕ್ಕಿಂತ ಅದೇ ವಾಸಿ ಅಂತ. ಅಷ್ಟರಲ್ಲಿ ಇನ್ವರ್ಟರ್ ಕರೆಂಟ್ ಬಂದಿರುತ್ತದೆ. ಕಂಪ್ಯೂಟರ್ ಮೊದಲಿಂದ ಶುರುವಾಗುತ್ತದೆ. ಆ ಬೀಪ್, ಆ ಗುರುತು, ಆ ಪಾಸ್‌ವರ್ಡ್. ಬಗ್‌ಚೆಕ್ 0 ಯಾಕೆ ಅಂತ ನನಗೆ ಆಗ ಪೂರ್ತಿ ಅರ್ಥವಾಯಿತು. ವಿಂಡೋಸ್‌ನ ಕೆಳಗಿನ ನೆಲವನ್ನೇ ಎಳೆದಿದ್ದರು.

ಮಲ್ಟಿಮೀಟರಿಗೆ ಇದು ಕಾಣಲಿಲ್ಲ, ಅದು ಅಷ್ಟು ಬೇಗ ನೋಡುವುದಿಲ್ಲ. ನಮಗೂ ಕಾಣಲಿಲ್ಲ. ಹಳೆಯ ಬುರುಡೆ ಬಲ್ಬ್ ಇದ್ದಿದ್ದರೆ ಒಮ್ಮೆ ಮಂಕಾಗಿ ಹೇಳುತ್ತಿತ್ತು. ಈಗಿನ ಎಲ್ಇಡಿ ಬಲ್ಬಿನೊಳಗೂ ಒಂದು ಸಣ್ಣ ಕೆಪಾಸಿಟರ್ ಇರುತ್ತದೆ, ಅಷ್ಟು ಚಿಕ್ಕ ಕಡಿತವನ್ನು ಅದು ನುಂಗಿಬಿಡುತ್ತದೆ. ಲೈನಿನಿಂದ ಬ್ಯಾಟರಿಗೆ ಬದಲಿಸುವ ಇನ್ವರ್ಟರಿನ ಒಳಗಿನ ಸ್ವಿಚ್, ಅಂದರೆ ರಿಲೇ, ಟಕ್ ಅನ್ನುತ್ತದೆ, ನಿಜ. ಆದರೆ ಇನ್ವರ್ಟರ್ ಇರುವುದು ಉಗ್ರಾಣದಲ್ಲಿ, ಉಗ್ರಾಣದ ಮಾಡು ಶೀಟಿನದ್ದು. ಜೂನ್ ತಿಂಗಳಲ್ಲಿ ಆ ಶೀಟಿನ ಕೆಳಗೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವುದಿಲ್ಲ.

ಇಷ್ಟೆಲ್ಲ ಹೊಂದಿಕೊಂಡರೂ ಒಂದು ಪ್ರಶ್ನೆ ನನ್ನನ್ನು ಕಾಡುತ್ತಿತ್ತು. ಸ್ವಿಚ್ ಬದಲಿಸಿದ್ದು ಏಪ್ರಿಲ್‌ನಲ್ಲಿ, ತೊಂದರೆ ಕಂಡದ್ದು ಜೂನ್‌ನಲ್ಲಿ. ನಡುವೆ ಎರಡು ತಿಂಗಳು ಯಾಕೆ ಸುಮ್ಮನಿತ್ತು? ಉತ್ತರ ಕೊಟ್ಟದ್ದು ಅತ್ತೆ. "ಏಪ್ರಿಲ್, ಮೇ ಅಂದ್ರೆ ಗುಡುಗಲ್ವಾ? ಮೋಡ ಕಟ್ಟಿದ ಕೂಡ್ಲೆ ನೀನೇ ಪ್ಲಗ್ ಕಿತ್ತಿಡ್ತಿದ್ದೆ." ಹೌದು. ಮುಂಗಾರಿಗೆ ಮುಂಚಿನ ಮಳೆ ಗುಡುಗು ಮಿಂಚಿನ ಜೊತೆ ಬರುತ್ತದೆ, ಕೊಡಗಿನ ಯಾವ ಮನೆಯಲ್ಲೂ ಆಗ ಪ್ಲಗ್ ಹಾಕಿರುವುದಿಲ್ಲ. ಜೂನ್ ಮಳೆ ಹಿಡಿದ ಮೇಲೆ ಗುಡುಗು ಕಮ್ಮಿ. ಧೈರ್ಯವಾಗಿ ಕೆಲಸಕ್ಕೆ ಕೂರುತ್ತೇವೆ.

ನಂಬಿದರೆ ಸಾಲದು, ಮಾಡಿ ನೋಡಬೇಕಿತ್ತು. ಒಂದು ಭಾನುವಾರ ಬೆಳಿಗ್ಗೆ ಹಾರ್ಡ್‌ಡಿಸ್ಕಿನ ವೈರ್ ಬಿಚ್ಚಿಟ್ಟು, ಮೆಮ್‌ಟೆಸ್ಟ್ ಹಚ್ಚಿದೆ. ಹೀಗೆ ಮಾಡಿದರೆ ಎಷ್ಟು ಸಲ ಕರೆಂಟ್ ತೆಗೆದರೂ ಫೈಲ್‌ಗಳಿಗೆ ಏಟಾಗುವುದಿಲ್ಲ, ಪ್ರೊಸೆಸರಿಗೆ ಕೆಲಸವೂ ಇರುತ್ತದೆ. ಯಾರಾದರೂ ಇಂಥ ಪರೀಕ್ಷೆ ಮಾಡುವುದಿದ್ದರೆ ದಯವಿಟ್ಟು ಹೀಗೇ ಮಾಡಿ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಆ ಟ್ಯಾಂಕಿನಲ್ಲಿ ಜೀವ ತೆಗೆಯುವಷ್ಟು ಕರೆಂಟ್ ಉಳಿದಿರಬಹುದು. ಮಾವ ಮೈನ್ ಬೋರ್ಡಿನ ಹತ್ತಿರ ನಿಂತರು. ನಾನು ಕೂಗಿದಾಗಲೆಲ್ಲ ಇನ್ವರ್ಟರಿನ ಎಂಸಿಬಿ ಕೆಳಗೆ ಹಾಕಿದರು. ಸ್ವಿಚ್ ನಾರ್ಮಲ್ ಕಡೆ ಇದ್ದಾಗ ಹತ್ತು ಸಲ ಮಾಡಿದ್ದರಲ್ಲಿ ಆರು ಸಲ ರೀಸ್ಟಾರ್ಟ್. ಸ್ವಿಚ್ ಯುಪಿಎಸ್ ಕಡೆಗೆ ತಳ್ಳಿ ಮತ್ತೆ ಹತ್ತು ಸಲ. ಒಂದೂ ಇಲ್ಲ. ಮಾವ ಇನ್ನೂ ಹತ್ತು ಸಲ ನೋಡೋಣ ಅಂದರು. ಆಗಲೂ ಇಲ್ಲ. ಅತ್ತೆ ರೊಟ್ಟಿ, ಕಣಿಲೆ ಸಾರು ಮಾಡಿ ಎರಡು ಸಲ ಕರೆದಿದ್ದರು, ಇಬ್ಬರೂ ಎದ್ದಿರಲಿಲ್ಲ.

ಎಸ್‌ಎಂಪಿಎಸ್ ಕೂಡ ಬದಲಿಸಿದೆ. ಹಳೆಯದು ಈಗ ನಡೆಯುತ್ತದೆ ನಿಜ, ಆದರೆ ಮುಂದಿನ ಮಾರ್ಚ್‌ನಲ್ಲಿ ಸ್ವಿಚ್ ಮತ್ತೆ ನಾರ್ಮಲ್‌ಗೆ ಹೋಗಲೇಬೇಕು. ಆಗ ಟ್ಯಾಂಕ್ ತುಂಬಿರುವ ಪೆಟ್ಟಿಗೆ ಬೇಕು. ಹೊಸದು ಹಾಕಿದ ಮೇಲೆ ನಾರ್ಮಲ್ ಕಡೆ ಇಟ್ಟು ಮತ್ತೆ ಹತ್ತು ಸಲ ನೋಡಿದೆವು, ಒಂದು ಸಲ ರೀಸ್ಟಾರ್ಟ್ ಆಯಿತು. ಅದಕ್ಕೇ ಬೇಸಿಗೆಯ ಮೂರು ತಿಂಗಳಿಗೆ ಕಂಪ್ಯೂಟರಿಗೆ ಮಾತ್ರ ಬೇರೆ ಒಂದು ಸಣ್ಣ ಯುಪಿಎಸ್ ತರುವುದು ಅಂತ ಆಗಿದೆ. ಹೊಸ ಇನ್ವರ್ಟರೇ ತಂದುಬಿಡಿ ಅಂತ ನೆಂಟರೊಬ್ಬರು ಹೇಳಿದರು. ಬೇಕಿಲ್ಲ. ಇದ್ದದ್ದು ಕೆಟ್ಟಿಲ್ಲ, ಅದಕ್ಕೆ ಎರಡು ಕೆಲಸ ಒಟ್ಟಿಗೆ ಆಗುವುದಿಲ್ಲ ಅಷ್ಟೇ.

ಎಕ್ಸೆಲ್‌ನಲ್ಲಿ ತಾನಾಗಿ ಉಳಿಸಿಡುವ ಆಯ್ಕೆಯನ್ನು ನಾನು ಯಾವಾಗಲೋ ಆರಿಸಿಟ್ಟಿದ್ದೆ. ಅದನ್ನು ಹಚ್ಚಿ, 10 ನಿಮಿಷದ ಬದಲು 2 ನಿಮಿಷ ಮಾಡಿದ್ದೇನೆ. ಅಷ್ಟೊಂದು ಸಲ ಥಟ್ಟನೆ ನಿಂತಿದ್ದರಿಂದ ಹಾರ್ಡ್‌ಡಿಸ್ಕನ್ನೂ ಚೆಕ್‌ಡಿಸ್ಕ್ ಹಾಕಿ ನೋಡಿದೆ. ಎರಡು ಫೈಲ್ ಕೆಟ್ಟಿದ್ದವು, ಎರಡೂ ಬೇಕಾದವಲ್ಲ.

ಆಮೇಲೆ ಕಕ್ಕಡ ಬಂತು, ಜುಲೈ ನಡುವಿನಿಂದ ಶುರುವಾಗುವ ಕೊಡಗಿನ ಮಳೆ ತಿಂಗಳು. ಹೊರಗೆ ಹೋಗುವ ಹಾಗಿಲ್ಲ, ತೋಟದಲ್ಲಿ ಕೆಲಸ ಇಲ್ಲ. ಮಾವ ದಿನಾ ಮಧ್ಯಾಹ್ನ ಪುಸ್ತಕ ಹಿಡಿದು ನನ್ನ ಪಕ್ಕ ಕೂರುವುದು ಅಭ್ಯಾಸವಾಯಿತು. ಅವರು ಓದುವುದು, ನಾನು ಟೈಪ್ ಮಾಡುವುದು. ಕೆಲವು ಕಡೆ ಗೆದ್ದಲು ತಿಂದ ಅಂಕಿಯನ್ನು ಅವರು ನೆನಪಿಂದ ಹೇಳುತ್ತಾರೆ. ಅಂಥದ್ದಕ್ಕೆ ನಾನು ಬೇರೆ ಬಣ್ಣ ಹಾಕುತ್ತೇನೆ. ಅಳೆದದ್ದು ಬೇರೆ, ನೆನಪು ಬೇರೆ ಅಂತ ಅವರೇ ಹೇಳಿದ್ದು.

ಆಗಸ್ಟ್ 3, ಕಕ್ಕಡ ಹದಿನೆಂಟು, ಆ ದಿನ ಮಾಡುವ ಮದ್ದು ಸೊಪ್ಪಿನ ಪಾಯಸ ತಿಂದು ಕೂತಿದ್ದೆವು. 1994ರ ಜುಲೈ ನಡೆಯುತ್ತಿತ್ತು. ಹೊರಗೆ ಮಳೆ ಸ್ವಲ್ಪ ಹೊಳವಾಗಿತ್ತು, ಗಾಳಿ ಜೋರಿತ್ತು. ಉಗ್ರಾಣದ ಕಡೆಯಿಂದ ಟಕ್ ಅಂತ ಕೇಳಿಸಿತು. ಇಬ್ಬರೂ ಪರದೆ ನೋಡಿದೆವು. ಕರ್ಸರ್ ಅದೇ ಚೌಕದಲ್ಲಿ ಮಿನುಗುತ್ತಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು ಟಕ್, ಲೈನ್ ವಾಪಸ್ ಬಂತು.

ಮಾವ ಬೆರಳನ್ನು ಮುಂದಿನ ಸಾಲಿಗೆ ಇಳಿಸಿದರು. "ಹದಿನಾರನೇ ತಾರೀಕು. ಮೂರು ಇಂಚು ನಲವತ್ತು."